ಮೊದಲ ಚಾಪೆ

“ಬುದ್ಧಿ, ಆ ವಿಶ್ವವಿದ್ಯಾಲಯದಲ್ಲಿ ನನಗೆ ಸೀಟು ಸಿಗುತ್ತದೆಯೆ?”

ಮಠದ ವಿದ್ಯಾರ್ಥಿನಿಲಯದಲ್ಲಿದ್ದು ಓದುತ್ತಿದ್ದ ವೃಷಭೇಂದ್ರನೆಂಬ ಹುಡುಗ ಸ್ವಾಮಿಗಳನ್ನು ಹೀಗೆ ಕೇಳಿದಾಗ ಅವನ ಕೈಯಲ್ಲಿ ಇನ್ನೂ ತುಂಬದ ಅರ್ಜಿಯಿತ್ತು. ನೂರು ಜನ ಅರ್ಜಿ ಹಾಕಿದರೆ ಮೂವರನ್ನು ತೆಗೆದುಕೊಳ್ಳುವ ಜಾಗ ಅದು. ಹಿಂದೆ ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ, ಅವರ ಅಂಕವೆಷ್ಟು, ತನ್ನದೆಷ್ಟು ಎಂದು ಅವನು ಒಂದು ತಿಂಗಳಿಂದ ಲೆಕ್ಕ ಹಾಕುತ್ತಿದ್ದ. ಅರ್ಜಿ ಹಾಕಲು ಉಳಿದದ್ದು ಎರಡೇ ದಿನ.

“ನಿನ್ನ ಲೆಕ್ಕ ಏನು ಹೇಳುತ್ತದೆ?” ಎಂದು ಸ್ವಾಮಿಗಳು ಕೇಳಿದರು.

“ಸಿಗುವುದಿಲ್ಲ ಅನ್ನುತ್ತದೆ ಬುದ್ಧಿ. ಸುಮ್ಮನೆ ಯಾಕೆ ಹಾಕಬೇಕು ಅಂತ.”

ಸ್ವಾಮಿಗಳು ಅರ್ಜಿಯನ್ನು ಇಸಿದುಕೊಂಡು ತೊಡೆಯ ಮೇಲೆ ಇಟ್ಟುಕೊಂಡರು. ಆಮೇಲೆ ಒಂದು ಕತೆ ಹೇಳಿದರು.

ಹೊಳೆಯ ದಂಡೆಯಲ್ಲಿ ಒಂದು ವಿದ್ಯಾಪೀಠವಿತ್ತು. ಅಲ್ಲಿ ವರ್ಷಕ್ಕೆ ಹನ್ನೆರಡು ಚಾಪೆ ಹಾಸುತ್ತಿದ್ದರು. ಹದಿಮೂರನೆಯವನು ಅರಸನ ಮಗನಾದರೂ ಜಾಗವಿಲ್ಲ. ಒಬ್ಬ ನೇಕಾರನ ಮಗ ಅಲ್ಲಿ ಓದಬೇಕೆಂದು ಆಸೆಪಟ್ಟ. ಅವನಿಗೆ ಬೇರೆ ಆಸೆಯೇ ಇರಲಿಲ್ಲ. ಮಗ್ಗದ ಮುಂದೆ ಕುಳಿತೇ ಅಕ್ಷರ ಕಲಿತವನು ಆರು ದಿನ ನಡೆದು ಬಂದ. ಬಂದು ನೋಡಿದರೆ ಛತ್ರದ ಜಗಲಿಯಲ್ಲಿ ಮುನ್ನೂರು ಜನ ಕುಳಿತಿದ್ದರು.

ಪರೀಕ್ಷೆಗೆ ಇನ್ನೂ ಮೂರು ದಿನವಿತ್ತು. ಆ ಮೂರು ದಿನ ಅವನು ಓಲೆಗರಿಯ ಕಟ್ಟು ಬಿಚ್ಚಲಿಲ್ಲ. ಜನರನ್ನು ತೂಗುತ್ತ ಕುಳಿತ. ಇವನು ವ್ಯಾಕರಣ ಅರೆದು ಕುಡಿದವನು, ಇವನಿಗೆ ಸಿಗುತ್ತದೆ. ಅವನಪ್ಪ ಆಸ್ಥಾನ ಪಂಡಿತ, ಸಿಗದೆ ಏನು? ಆ ಕುಳ್ಳ ನಿದ್ದೆಯಲ್ಲೂ ಶ್ಲೋಕ ಹೇಳುತ್ತಾನೆ. ಮೊದಲ ದಿನ ತನ್ನನ್ನು ಇಪ್ಪತ್ತನೆಯವನೆಂದು ಎಣಿಸಿದ. ಮರುದಿನ ಅರವತ್ತನೆಯವನಾದ. ಮೂರನೆಯ ದಿನ ತಾನು ಎಷ್ಟನೆಯವನೆಂದು ಅವನಿಗೇ ಲೆಕ್ಕ ಸಿಗಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವವರನ್ನು ನೋಡಿದ್ದೇವೆ. ಇವನು ಕೂಸು ಹುಟ್ಟುವ ಮುಂಚೆಯೇ ಅಳಲು ಕುಳಿತ.

ಪರೀಕ್ಷೆಯ ದಿನ ಪೀಠದ ಒಳಕೋಣೆಯಲ್ಲಿ ವಯಸ್ಸಾದ ಪಂಡಿತರೊಬ್ಬರು ಕುಳಿತಿದ್ದರು. ನೇಕಾರನ ಮಗನಿಗಿಂತ ಮುಂದೆ ಒಂಬತ್ತು ಜನ ನಿಂತಿದ್ದರು, ಎಲ್ಲರೂ ಅವನು ಭಾರಿ ಎಂದು ತೂಗಿದವರೇ. ಒಬ್ಬೊಬ್ಬರಾಗಿ ಒಳಗೆ ಹೋದರು, ಕೈಯಲ್ಲಿ ತಾಂಬೂಲ ಹಿಡಿದು ಹೊರಬಂದರು. ಯಾರೊಡನೆಯೂ ಮಾತಾಡದೆ ತಲೆ ತಗ್ಗಿಸಿ ನಡೆದರು. ‘ತುಂಬಿದ ಕೊಡ ತುಳುಕುವುದಿಲ್ಲ’ ಎಂದುಕೊಂಡ ಇವನು. ಒಂಬತ್ತು ಚಾಪೆ ಹೋಯಿತು, ಇನ್ನು ಮೂರೇ ಎಂದು ಬೆರಳು ಮಡಚಿದ. ಒಬ್ಬನನ್ನಾದರೂ ನಿಲ್ಲಿಸಿ ಕೇಳಬಹುದಿತ್ತು. ಎಲ್ಲ ತಿಳಿದಿದೆ ಎಂದುಕೊಂಡವನು ಕೇಳುವುದಿಲ್ಲ.

ಅವನ ಸರದಿ ಬಂತು. ಪಂಡಿತರು ಒಂದು ಪದ್ಯದ ಅರ್ಥ ಕೇಳಿದರು. ಅವನು ಅರ್ಧ ಹೇಳಿ, “ಮುಂದಿನದು ನನಗೆ ತಿಳಿಯದು” ಎಂದ. ಪಂಡಿತರು ಅವನ ಮುಖ ನೋಡಿದರು. ತಾಂಬೂಲ ಕೊಡಲಿಲ್ಲ. “ಹೋಗಿ ಬಾ” ಎಂದರು.

ನಮ್ಮ ಜನ ಯಾರಿಗೂ ‘ಹೋಗು’ ಎನ್ನುವುದಿಲ್ಲ. ಬೀಗರಿಗೂ ಹೋಗಿ ಬನ್ನಿ ಎನ್ನುತ್ತೇವೆ. ಇನ್ನು ಈ ಮುಖ ನೋಡಬಾರದು ಅನ್ನಿಸಿದವನನ್ನೂ ಹೋಗಿ ಬಾ ಎಂದೇ ಕಳಿಸುತ್ತೇವೆ. ನೇಕಾರನ ಮಗ ಆ ಮಾತನ್ನು ಹಾಗೆಯೇ ಕೇಳಿಸಿಕೊಂಡ. ಒಂದು ತಾಂಬೂಲಕ್ಕೂ ನಾನು ಯೋಗ್ಯನಲ್ಲವೆ ಎಂದುಕೊಂಡ. ಹಿಂದಿರುಗಿ ನೋಡದೆ ಊರಿನ ದಾರಿ ಹಿಡಿದ.

ಇಪ್ಪತ್ತು ವರ್ಷ ಕಳೆಯಿತು. ಅವನು ಒಳ್ಳೆಯ ನೇಕಾರನಾದ. ಓದಿನ ಮಾತು ಬಂದಾಗಲೆಲ್ಲ, “ನಮ್ಮಂಥವರನ್ನು ಅಲ್ಲಿ ಸೇರಿಸುವುದಿಲ್ಲ” ಎನ್ನುತ್ತಿದ್ದ. ಆ ಮಾತು ನಂಬಿ ಆ ಕೇರಿಯಿಂದ ಇನ್ನೊಬ್ಬ ಅತ್ತ ಹೋಗಲಿಲ್ಲ.

ಒಂದು ದಿನ ಅದೇ ಪೀಠದಲ್ಲಿ ಓದಿದ ವಿದ್ವಾಂಸನೊಬ್ಬ ಶಲ್ಯ ನೇಯಿಸಲು ಅವನ ಮನೆಗೆ ಬಂದ.

“ಅಲ್ಲಿ ತಾಂಬೂಲ ಪಡೆದ ಭಾಗ್ಯವಂತರು ನೀವು” ಎಂದ ನೇಕಾರ.

ವಿದ್ವಾಂಸ ನಕ್ಕ. “ತಾಂಬೂಲ ಕೊಡೋದು ಆಗದೆ ಇದ್ದವರಿಗೆ. ದೂರದಿಂದ ಬಂದವರನ್ನ ಬರಿಗೈಯಲ್ಲಿ ಕಳಿಸಬಾರದು ಅಂತ. ಆಯ್ಕೆಯಾದವನಿಗೆ ‘ಹೋಗಿ ಬಾ’ ಅಂತಾರೆ, ಅಷ್ಟೆ. ಹೊಳೆಗೆ ಹೋಗಿ, ಮಿಂದು ಬಂದು ಚಾಪೆ ಮೇಲೆ ಕೂರಬೇಕು. ನನಗೂ ಗೊತ್ತಿರಲಿಲ್ಲ. ಎಲ್ಲಿಗೆ ಅಂತ ಕೇಳಿದೆ, ಹೊಳೆ ತೋರಿಸಿದರು.”

ನೇಕಾರನ ಕೈಯಲ್ಲಿ ಲಾಳಿ ನಿಂತಿತು.

“ನಮ್ಮ ವರ್ಷ ನಾವು ಹನ್ನೊಂದೇ ಜನ” ಎಂದು ವಿದ್ವಾಂಸ ಮುಂದುವರಿಸಿದ. “ಎಲ್ಲರಿಗಿಂತ ಮೊದಲು ಆಯ್ಕೆಯಾದ ಹುಡುಗ ಹೊಳೆಗೆ ಹೋದವನು ಬರಲೇ ಇಲ್ಲ. ಮುಳುಗಿಹೋದ ಅಂತ ಪಂಡಿತರು ಅಂಬಿಗರನ್ನ ಇಳಿಸಿ ಹುಡುಕಿಸಿದರು. ತಾವು ಸಾಯೋ ತನಕ ಆ ಮೊದಲ ಚಾಪೆ ಸುತ್ತಗೊಡಲಿಲ್ಲ. ತಿಳಿಯದ್ದನ್ನ ತಿಳಿಯದು ಅಂದ ಹುಡುಗ ಅಂತ ನೆನೆಸಿಕೊಂಡು ಕಣ್ಣೀರು ಹಾಕೋರು.”

ಆ ಹುಡುಗ ನಾನೇ ಎಂದು ನೇಕಾರ ಹೇಳಲಿಲ್ಲ. ಇಪ್ಪತ್ತು ವರ್ಷ ಅವನು ಆ ಪೀಠವನ್ನು ಬೈದಿದ್ದ. ಈಗ ಬೈಯುವುದಕ್ಕೂ ಯಾರೂ ಉಳಿಯಲಿಲ್ಲ. ಶಲ್ಯದ ಅಳತೆ ಎಷ್ಟೆಂದು ಎರಡು ಸಲ ಕೇಳಿದ, ಎರಡು ಸಲವೂ ಮರೆತ.

ಸ್ವಾಮಿಗಳು ಕತೆ ನಿಲ್ಲಿಸಿದರು. ವೃಷಭೇಂದ್ರನಿಗೆ ಆ ನೇಕಾರನ ಮೇಲೆ ಮರುಕವೂ ಬಂತು, ತನ್ನ ಪ್ರಶ್ನೆ ಹಾಗೆಯೇ ಉಳಿಯಿತಲ್ಲ ಎಂಬ ಅಸಮಾಧಾನವೂ ಆಯಿತು.

“ಅವನಿಗೆ ಹೇಗೂ ಸಿಕ್ಕಿತ್ತು ಬುದ್ಧಿ. ನನಗೆ ಸಿಗುತ್ತದೋ ಇಲ್ಲವೋ, ಅದನ್ನು ನೀವು ಹೇಳಲೇ ಇಲ್ಲ.”

ಸ್ವಾಮಿಗಳು ತೊಡೆಯ ಮೇಲಿದ್ದ ಅರ್ಜಿಯನ್ನು ತೆಗೆದು ಅವನ ಕೈಗಿಟ್ಟರು.

“ಹೋಗಿ ಬಾ” ಎಂದರು.