ಬಾಯಿ ಮೇಲೆ ಬೆರಳು

ಗದಗಿನ ಒಂದು ಖಾಸಗಿ ಶಾಲೆ. ಎಲ್‌ಕೆಜಿ ಮಕ್ಕಳನ್ನು ನೋಡಿಕೊಳ್ಳುವ ಆಯಾಳ ಮೇಲೆ ಹೊಸ ಚೇರ್ಮನ್ ಗುರುಪಾದಪ್ಪನವರ ಕಣ್ಣು ಬಿತ್ತು. ಬರೀ ಏಳನೇ ಕ್ಲಾಸು ಓದಿದವಳು ತರಗತಿಯೊಳಗೆ ಇರುವುದೆಂದರೆ ಶಾಲೆಗೇ ನಾಚಿಕೆ ಎಂದರು. ಟೀಚರುಗಳನ್ನೂ ಕಮಿಟಿಯವರನ್ನೂ ಕೂಡಿಸಿ, ಅವರೆದುರಿಗೇ ಅವಳನ್ನು ಕರೆಸಿದರು.

ನೆಲ ಒರೆಸುತ್ತಿದ್ದವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ತಲೆ ತಗ್ಗಿಸಿ ನಿಂತಳು. ಟೀಚರುಗಳೂ ತಲೆ ಎತ್ತಲಿಲ್ಲ. ದಿನವೂ ಅವಳ ಕೈಯ ಚಹಾ ಕುಡಿಯುವವರು, ಒಬ್ಬರೂ ಅವಳ ಪರ ಮಾತಾಡಲಿಲ್ಲ.

"ಡಿಗ್ರಿ ಇದ್ದವರ ಮಾತಿಗೆ ತೂಕ ಇರತೈತಿ. ನಿನ್ನ ಮಾತು ಯಾರು ಕೇಳತಾರ? ಬ್ಯಾರೆ ಕೆಲಸ ನೋಡ್ಕೋ," ಎಂದರು ಚೇರ್ಮನ್ನರು.

"ಒಮ್ಮೆ ಹೇಳಿ ನೋಡ್ಲೇನ್ರೀ ಸಾಹೇಬ್ರ?"

"ಹೇಳು, ಹೇಳು. ನಾವೂ ಕೇಳತೀವಿ," ಎಂದು ನಕ್ಕರು.

ಆಯಾ ತಲೆ ಎತ್ತಿದಳು. ಚಪ್ಪಾಳೆ ತಟ್ಟಿ, ಎಲ್‌ಕೆಜಿಯ ದನಿಯಲ್ಲಿ ಕೂಗಿದಳು: "ಕೈ ಕಟ್ಟು! ಬಾಯಿ ಮ್ಯಾಲೆ ಬೆರಳು!"

ಟೀಚರುಗಳ ಬೆರಳು ಬಾಯಿಗೆ ಹೋಯಿತು. ಕಮಿಟಿಯವರದೂ ಹೋಯಿತು. ಚೇರ್ಮನ್ನರ ಕೈಯ ಪೆನ್ನು ನೆಲಕ್ಕೆ ಬಿತ್ತು. ಅವರ ಬೆರಳೂ ತುಟಿಯ ಮೇಲಿತ್ತು.

ಈಗ ಇಳಿಸಿದರೆ ಏರಿಸಿದ್ದು ಎಲ್ಲರಿಗೂ ಕಾಣುತ್ತದೆಂಬ ನಾಚಿಕೆಗೆ ಯಾರೂ ಬೆರಳು ತೆಗೆಯಲಿಲ್ಲ. ಗುರುಪಾದಪ್ಪನವರ ಕಿವಿ ಕೆಂಪಾಯಿತು, ಹಣೆ ಬೆವರಿತು.

"ನೀನೇ ಇರವ್ವಾ," ಎಂದು ಬೆರಳಿನ ಹಿಂದಿನಿಂದಲೇ ಗೊಣಗಿದರು. ಆಮೇಲೆ, ಅಲ್ಲಿಂದ ಹೇಗಾದರೂ ಪಾರಾದರೆ ಸಾಕೆಂದು, ಇನ್ನೊಂದು ಕೈಯ ಕಿರುಬೆರಳು ಎತ್ತಿದರು.

"ಹೋಗಿ ಬರ್ರಿ," ಎಂದಳು ಆಯಾ. "ಓಡಬ್ಯಾಡ್ರಿ ಮತ್ತ. ಈಗಷ್ಟೇ ನೆಲ ಒರಸೇನಿ."