ಹಳ್ಳದಾಚೆಯ ಮನೆಗಳ ಪಟ್ಟಿ

ಮಲಪ್ರಭೆಯ ದಂಡೆಯ ಮಠವೊಂದರಲ್ಲಿ ಕಾಡಯ್ಯ ಎಂಬ ಶಿಷ್ಯನಿದ್ದ. ಅವನ ಗುರುಗಳನ್ನು ಊರೆಲ್ಲ ಅಜ್ಜಾರು ಎನ್ನುತ್ತಿತ್ತು. ಅವನೂ ಹಾಗೇ ಕರೆಯುತ್ತಿದ್ದ.

ಕಾಡಯ್ಯ ಮಠಕ್ಕೊಂದು ವೆಬ್‌ಸೈಟ್ ಮಾಡಿದ. ಹಳ್ಳದಾಚೆಯ ಮುದುಕಿ ಯಲ್ಲವ್ವ ಹಾಡಿದ ನಲವತ್ತು ತತ್ವಪದಗಳನ್ನು ಒಂದೊಂದಕ್ಕೆ ಒಂದೊಂದು ಪುಟದಂತೆ ಅದರೊಳಗೆ ಇಟ್ಟ. ಮುಖಪುಟದಲ್ಲಿ ಅಜ್ಜಾರ ಫೋಟೊ ಬಿಟ್ಟರೆ ಮತ್ತೇನೂ ಇಲ್ಲ, ಹಾಡುಗಳಿಗೆ ಅಲ್ಲಿಂದ ದಾರಿಯೂ ಇಲ್ಲ. ಹುಡುಕುವವರಿಗೆ ತಾವಾಗಿ ಸಿಗುತ್ತವೆ ಎಂದು ಪುಣ್ಯಾತ್ಮ ನಂಬಿದ್ದ.

ಮೂರು ತಿಂಗಳಾಯಿತು. ಪ್ರತಿ ಸೋಮವಾರ ಯಲ್ಲವ್ವ ಬಂದು ಕೇಳುತ್ತಿದ್ದಳು. "ಯಾರರ ಕೇಳಿದ್ರೇನಪಾ ನನ್ನ ಪದಾ?"

"ಇನ್ನೂ ಇಲ್ಲಬೇ ಯವ್ವಾ."

ಒಂದು ಸೋಮವಾರ ಅವಳು ಸೆರಗು ಕೊಡವಿ ಎದ್ದಳು. "ಉಳದ ಪದಾ ನನ್ನ ಹೊಟ್ಟ್ಯಾಗ ಇರಲಿ ಬಿಡು. ಕೇಳವ್ರ ಇಲ್ಲಂದ್ರ ಹಾಡಿ ಏನ ಮಾಡ್ಲಿ?"

ಆ ಪದಗಳು ಬೇರೆ ಯಾರ ಬಾಯಲ್ಲೂ ಉಳಿದಿರಲಿಲ್ಲ. ಕಾಡಯ್ಯ ಅಜ್ಜಾರ ಬಳಿಗೆ ಓಡಿದ.

"ಅಜ್ಜಾರ, ಸರ್ಚ್ ಎಂಜಿನ್‌ಗೆ ನಮ್ಮ ಮುಖಪುಟ ಒಂದ ಗೊತ್ತೈತ್ರಿ. ಸೈಟ್‌ಮ್ಯಾಪ್ ಅಂತ ಇರತೈತಿ, ಒಳಗಿನ ಪುಟಗಳ ಪಟ್ಟಿ. ಅದನ್ನ ನಾನ ಬೇಕಂತ ಹಾಕಿಲ್ಲ."

"ಯಾಕೋ?"

"ನಮ್ಮಲ್ಲಿ ಇದೈತಿ, ಅದೈತಿ ಅಂತ ನಾವ ಸಾರಕೊಂಡ್ರ ಮಠಕ್ಕ ಶೋಭಾ ಅಲ್ಲಲ್ರಿ."

ಮರುದಿನ ಬೇರೆ ಊರಿನಿಂದ ರೇವಯ್ಯ ಎಂಬ ಜಂಗಮ ಬಂದ. ಅಜ್ಜಾರು ಅವನ ಹೆಗಲಿಗೆ ಮಠದ ಜೋಳಿಗೆ ಹಾಕಿ, "ಇವತ್ತಿನ ಭಿಕ್ಷಾ ನೀವ ತರ್ರಿ" ಎಂದರು.

ಮಧ್ಯಾಹ್ನ ರೇವಯ್ಯ ಅರ್ಧ ಜೋಳಿಗೆಯೊಂದಿಗೆ ಮರಳಿದ. ಅವನ ಹಿಂದೆಯೇ ಬುಟ್ಟಿ ಹಿಡಿದು ಯಲ್ಲವ್ವ ಬಂದಳು. "ರೊಟ್ಟಿ ಬಡದ ಕಾದ ಕುಂತೀನಿ, ಜೋಳಿಗಿ ನಮ್ಮ ಕಡೆ ಹಾಯಲೇ ಇಲ್ಲ!"

"ಹಳ್ಳದಾಚೆ ಮನಿ ಅದಾವಂತ ನನಗ ಹ್ಯಾಂಗ ಗೊತ್ತಾಗಬೇಕಬೇ?" ಎಂದ ರೇವಯ್ಯ.

ಅಜ್ಜಾರು ಕಾಡಯ್ಯನ ಕೈಗೆ ಹಾಳೆ ಕೊಟ್ಟರು. "ಊರಾಗಿನ ಮನಿ ಎಲ್ಲಾ ಬರಿ."

ಕಾಡಯ್ಯ ಹುರುಪಿನಲ್ಲಿ ಒಂದನ್ನೂ ಬಿಡದೆ ಬರೆದ.

ಮರುದಿನ ಜೋಳಿಗೆ ತುಂಬಿ ಬಂತು. ರೇವಯ್ಯನ ಮುಖ ಮಾತ್ರ ಕೆಂಪಗಾಗಿತ್ತು. "ಮೂರು ಮನಿಗೆ ಕೀಲಿ ಜಡದೈತ್ರಿ! ಒಂದು ಬಿದ್ದ ಹೋಗೈತಿ, ಗ್ವಾಡಿನ ಇಲ್ಲ. ನಿಮ್ಮ ಪಟ್ಟಿ ನಂಬೂದ ಹ್ಯಾಂಗ?"

ಅಜ್ಜಾರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಡಯ್ಯನೂ ನಾಚಿ ನಕ್ಕು ಆ ನಾಲ್ಕನ್ನೂ ಹೊಡೆದುಹಾಕಿದ.

"ಯಲ್ಲವ್ವನ ಮನಿ ಬರದ್ಯಲ್ಲ, ಆಕೀದು ಡಂಗುರಾ ಹೊಡದಂಗ ಆತೇನೋ?" ಎಂದು ಅಜ್ಜಾರು ಕೇಳಿದರು.

"ಇಲ್ರಿ. ದಾರಿ ತೋರಿಸಿದಂಗ ಆತ್ರಿ."

"ಪಟ್ಟಿ ಇದ್ರ ಜೋಳಿಗಿ ತುಂಬೇ ತುಂಬತೈತೇನು?"

ಕಾಡಯ್ಯ ಯೋಚಿಸಿದ. "ಬಾಗಲಾ ತನಕ ಬರತಾರ್ರಿ. ತಗೊಳ್ಳೂದು, ಬಿಡೂದು ಅವರಿಗೆ ಬಿಟ್ಟದ್ದು."

"ಮತ್ತ ಇಲ್ಲ್ಯಾಕ ಕುಂತಿ?"

ಅಂದೇ ಕಾಡಯ್ಯ ನಲವತ್ತು ಹಾಡಿನ ಪುಟಗಳ ಪಟ್ಟಿ ಮಾಡಿ ಸರ್ಚ್ ಎಂಜಿನ್‌ಗೆ ಒಪ್ಪಿಸಿದ. ತಾನು ಹಿಂದೆ ಅಳಿಸಿಹಾಕಿದ್ದ ಪುಟಗಳನ್ನು ಅದರಲ್ಲಿ ಸೇರಿಸಲಿಲ್ಲ, ಯಾವ ಪುಟವನ್ನು ಯಾವತ್ತು ತಿದ್ದಿದ್ದು ಎಂದು ತಾರೀಖು ಹಾಕಿದ. ಮುಖಪುಟದಿಂದ ಹಾಡುಗಳಿಗೆ ಲಿಂಕ್ ಕೊಡಲು ಜಾಗ ಬೇಕಾಯಿತು, ಅಜ್ಜಾರ ಫೋಟೊ ಚಿಕ್ಕದಾಯಿತು. ಅಜ್ಜಾರಿಗೆ ಅದೇ ಖುಷಿ.

ಹದಿನೈದು ದಿನ ಕಳೆದ ಮೇಲೆ ಸೊಲ್ಲಾಪುರದ ನರ್ಸ್ ಒಬ್ಬಳಿಂದ ಪತ್ರ ಬಂತು. "ಈ ಪದ ನಮ್ಮವ್ವ ಬೀಸುವಾಗ ಹಾಡುತ್ತಿದ್ದಳು. ಅವಳು ಹೋದ ಮೇಲೆ ಎಲ್ಲೆಲ್ಲೋ ಹುಡುಕಿದೆ, ಈಗ ಸಿಕ್ಕಿತು. ಇನ್ನೂ ಇದ್ದರೆ ಹಾಕಿ, ಕೈಮುಗಿಯುತ್ತೇನೆ."

ಕಾಡಯ್ಯ ಹಳ್ಳ ಹಾರಿಕೊಂಡೇ ಹೋಗಿ ಯಲ್ಲವ್ವನನ್ನು ಮಠಕ್ಕೆ ಕರೆತಂದ. ಅವಳು ಪತ್ರವನ್ನು ಎರಡು ಸಲ ಓದಿಸಿದಳು. ಕಣ್ಣೊರೆಸಿಕೊಂಡಳು, ಬೊಚ್ಚು ಬಾಯಿ ಬಿಟ್ಟು ನಕ್ಕಳು. ಆಮೇಲೆ ತಾಳ ಕೈಗೆತ್ತಿಕೊಂಡು, ಯಾರಿಗೂ ಕೊಡದ ಪದವೊಂದನ್ನು ಎತ್ತಿದಳು.

ಕಾಡಯ್ಯನಿಗೆ ಸಂತೋಷ ತಡೆಯಲಾಗಲಿಲ್ಲ. ಅವಳೆದುರೇ ನಿಂತು, ತಾನು ಸೈಟ್‌ಮ್ಯಾಪ್ ಮಾಡಿದ್ದು ಹೇಗೆ, ಅದನ್ನು ಒಪ್ಪಿಸಿದ್ದು ಹೇಗೆ ಎಂದು ಮೊದಲಿನಿಂದ ಹೇಳತೊಡಗಿದ. ಯಲ್ಲವ್ವ ಹಾಡು ನಿಲ್ಲಿಸಿ ಅವನ ಮುಖ ನೋಡಿದಳು.

ಅಜ್ಜಾರು ಅವನ ಅಂಗಿಯ ಚುಂಗು ಹಿಡಿದು ಎಳೆದರು.

"ಬಾಗಲಾ ತೋರಿಸಿದ್ದಾತಲ್ಲೋ ಕಾಡಯ್ಯಾ, ಇನ್ನ ಅದರಾಗ ನಿಂದ್ರಬ್ಯಾಡ. ಬಾಜೂಕ ಸರಿ."