ಸಣ್ಣಕ್ಕಿ ಒಲ್ಲದ ಕುದುರೆ

ಹಿರೇಗಿರಿಯ ರಾಜ ವೀರಭೂಪಾಲನಿಗೆ ಸಾಮಂತನೊಬ್ಬ ಸಣ್ಣಕ್ಕಿ ಕಾಣಿಕೆ ಕಳಿಸಿದ. ಒಂದು ಹೊತ್ತು ಉಂಡದ್ದೇ ತಡ, ರಾಜನಿಗೆ ಪ್ರಜೆಗಳ ಮೇಲೆ ಪ್ರೀತಿ ಉಕ್ಕಿಬಂತು.

"ನಾನು ಉಣ್ಣುವುದನ್ನೇ ನನ್ನ ನಾಡೆಲ್ಲ ಉಣ್ಣಬೇಕು," ಎಂದು ಸಭೆಯಲ್ಲಿ ಸಾರಿದ. "ಇನ್ನು ಮೇಲೆ ಹೊಲದಲ್ಲಿ ಸಣ್ಣಕ್ಕಿಯೊಂದೇ. ರಾಗಿ, ಹುರುಳಿ, ಸಜ್ಜೆಯ ಬಿತ್ತನೆ ಬೀಜವನ್ನೆಲ್ಲ ಅಮಾವಾಸ್ಯೆಯ ದಿನ ಕೋಟೆ ಬಯಲಿಗೆ ತಂದು ಸುಡತಕ್ಕದ್ದು. ನಾನೇ ಕುದುರೆಯೇರಿ ಬಂದು ಬೆಂಕಿ ಇಡುತ್ತೇನೆ. ಏನಂತೀರಿ?"

ಮಂತ್ರಿಗಳೆಲ್ಲ ಹೌದೆಂದು ತಲೆಯಾಡಿಸಿದರು. ರಾಜ ಸೀನಿದರೂ ತಲೆಯಾಡಿಸುವ ಜನ ಅವರು. ವಿದೂಷಕ ಸಿಂಗರಸ ಮಾತ್ರ ಕತ್ತು ಅಲುಗಿಸದೆ ಕೂತಿದ್ದ.

ಅವನು ಮನೆಗೆ ಬಂದರೆ ಜಗಲಿಯಲ್ಲಿ ಮೇಗಲಹಳ್ಳಿಯ ಚೌಡಮ್ಮ ಹುರುಳಿ ಬೀಜದ ಗಂಟನ್ನು ಮಡಿಲಲ್ಲಿ ಅವುಚಿಕೊಂಡಿದ್ದಳು.

"ಸ್ವಾಮಿ, ನಮ್ದು ಕಲ್ಲುಗುಡ್ಡ. ಕುಡಿಯೋಕೇ ನೀರಿಲ್ಲ, ಭತ್ತ ಹೆಂಗೆ ಬೆಳೀಲಿ? ಇದನ್ನ ಸುಟ್ಟರೆ ಮುಂದಿನ ವರ್ಷ ಮಕ್ಕಳಿಗೆ ಏನು ಹಾಕ್ಲಿ?"

ಸಿಂಗರಸ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಎದುರು ಮಾತಾಡಿದರೆ ಅವನ ತಲೆ ಹೋಗುತ್ತದೆ, ಸುಮ್ಮನಿದ್ದರೆ ಗುಡ್ಡದ ಊರುಗಳೇ ಹೋಗುತ್ತವೆ. "ಅಮಾವಾಸ್ಯೆಗೆ ಗಂಟು ತಗೊಂಡು ಬಾ ತಾಯಿ. ಕುದುರೆ ಬರುವ ದಾರಿ ಪಕ್ಕದಲ್ಲೇ ಕೂತಿರು," ಎಂದ.

ಅಮಾವಾಸ್ಯೆಯ ಹಿಂದಿನ ದಿನ ಸಿಂಗರಸ ರಾಜನಿಗೆ ಕೈಮುಗಿದ. "ಪ್ರಭು, ಇಂಥ ಕಾನೂನು ಅರಮನೆಯಿಂದಲೇ ಶುರುವಾದರೆ ಶೋಭೆ. ಲಾಯದಲ್ಲಿ ಇನ್ನೂ ಹುರುಳಿ ಬೇಯುತ್ತಿದೆ."

"ಛೆ, ಈಗಲೇ ನಿಲ್ಲಿಸು. ನನ್ನ ಕುದುರೆಯೂ ಸಣ್ಣಕ್ಕಿಯನ್ನೇ ತಿನ್ನಲಿ."

ಕುದುರೆ ಅನ್ನವನ್ನು ಮೂಸಿ ಮುಖ ತಿರುಗಿಸಿತು. ಮಾರನೆಯ ದಿನ ಹಸಿದ ಹೊಟ್ಟೆಯಲ್ಲೇ ರಾಜನನ್ನು ಹೊತ್ತು ಹೊರಟಿತು. ರಾಜನ ಕೈಯಲ್ಲಿ ಪಂಜು, ಬಯಲಲ್ಲಿ ಬೀಜದ ರಾಶಿ, ಸುತ್ತ ಖಾಲಿ ಚೀಲ ಹಿಡಿದ ಜನ. ದಾರಿ ಪಕ್ಕದಲ್ಲಿ ಹುರುಳಿಯ ವಾಸನೆ ಬಂದದ್ದೇ ತಡ, ಕುದುರೆ ಅಡ್ಡ ತಿರುಗಿ ಚೌಡಮ್ಮನ ಮಡಿಲಿಗೇ ಮೂತಿ ಹಾಕಿತು.

ರಾಜ ಲಗಾಮು ಜಗ್ಗಿದ. ಬೈದ. ಕೊನೆಗೆ ಕೆಳಗಿಳಿದು, ಬೆಳ್ಳಿ ತಟ್ಟೆಯಲ್ಲಿ ತುಪ್ಪ ಕಲಸಿದ ಸಣ್ಣಕ್ಕಿ ಅನ್ನ ತರಿಸಿ ತಾನೇ ಹಿಡಿದ. ಕುದುರೆ ತಟ್ಟೆಯನ್ನು ನೋಡಿತು, ರಾಜನನ್ನು ನೋಡಿತು, ತಲೆಯನ್ನು ಅಡ್ಡಡ್ಡ ಆಡಿಸಿ ಮತ್ತೆ ಗಂಟಿಗೆ ಬಾಯಿ ಹಾಕಿತು.

"ನನ್ನೆದುರೇ ನನ್ನ ಕಾನೂನು ಮುರಿಯುತ್ತದಲ್ಲ," ಎಂದ ರಾಜ ಸಿಟ್ಟಿನಿಂದ. "ಇದಕ್ಕೇನು ಮಾಡಬೇಕು, ಸಿಂಗರಸ?"

"ಮಂತ್ರಿ ಮಾಡಬೇಕು, ಪ್ರಭು. ನಿಮ್ಮ ಮುಖ ನೋಡಿಕೊಂಡು ಬೇಡ ಅನ್ನುವ ಧೈರ್ಯ ಇಡೀ ಆಸ್ಥಾನದಲ್ಲಿ ಇದಕ್ಕೊಂದಕ್ಕೇ ಇರುವುದು."

ಹಿಂದೆ ನಿಂತಿದ್ದ ಮಂತ್ರಿಗಳು ರೂಢಿಯಂತೆ ಹೌದೆಂದು ತಲೆಯಾಡಿಸಿದರು.

ರಾಜ ಅವರನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ಪಂಜನ್ನು ಮಣ್ಣಿಗೆ ಒತ್ತಿ ಆರಿಸಿದ. ಬೀಜವೆಲ್ಲ ಊರುಗಳಿಗೆ ವಾಪಸಾಯಿತು. ಕುದುರೆ ತಿಂದಷ್ಟು ಹುರುಳಿ ಲಾಯದಿಂದ ಚೌಡಮ್ಮನ ಗಂಟಿಗೆ ಸೇರಿತು.

ಸಿಂಗರಸನಿಗೆ ಬಹುಮಾನವಾಗಿ ಸಿಕ್ಕಿದ್ದು ಉಳಿದ ಸಣ್ಣಕ್ಕಿಯ ಚೀಲ. ಅವನು ಸಂತೋಷವಾಗಿಯೇ ಹೊತ್ತುಕೊಂಡು ಹೋದ. ಅಕ್ಕಿಯ ಮೇಲೆ ಅವನಿಗೇನೂ ಸಿಟ್ಟಿರಲಿಲ್ಲ.